ಖಾತೆಯಲ್ಲಿ ಹಾವೇರಿ ಹೋಗಿ ಲಾವೇರಿ ಆಗಿದೆ: ಹಳೇ ಲಿನಕ್ಸ್ ಮಷಿನ್ ದಿನಾ ಬೀಳ್ತಿದೆ, ದಾರಿ ಹೇಳಿ

ಬ್ಯಾಡಗಿ ಕಡ್ಡಿ | ಗುರುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಅಪ್ಪ ನೋಡಿಕೊಳ್ತಾರೆ. ನಾನು ಕೆಲಸಕ್ಕೆ ಹುಬ್ಬಳ್ಳಿಯಲ್ಲಿ ಇರ್ತೇನೆ. ಟ್ಯಾಕ್ಸಿನ ಲೆಕ್ಕವೆಲ್ಲ ಹೊಸ ಕಂಪ್ಯೂಟರಿಗೆ ಹೋಗಿದೆ. ರೈತರ ಖಾತೆ, ಮುಂಗಡ, ಪಟ್ಟಿ (ರೈತರಿಗೆ ಕೊಡೋ ಮಾರಾಟದ ಚೀಟಿ) ಪ್ರಿಂಟು ಮಾತ್ರ ಇನ್ನೂ ಹಳೇ ಮಷಿನಿನಲ್ಲೇ ಇದೆ. ಪೆಂಟಿಯಂ 3, 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್ ಡಿಸ್ಕ್. ಮೇಲೆ ರೆಡ್ ಹ್ಯಾಟ್ ಲಿನಕ್ಸ್ 7.1, ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡೋ ಪದ್ಧತಿ) ಇಎಕ್ಸ್‌ಟಿ2. ಪ್ರೋಗ್ರಾಮನ್ನು ಆಗ ಪರಿಚಯದವರೊಬ್ಬರು ಸಿ ಭಾಷೆಯಲ್ಲಿ ಬರೆದುಕೊಟ್ಟಿದ್ದರು. ಅಪ್ಪನಿಗೆ ಅದರ ಪ್ರತಿ ಕೀಲಿ ಬಾಯಿಪಾಠ. ಪರದೆ ನೋಡದೆ ಪಟ್ಟಿ ತೆಗೆಯುತ್ತಾರೆ.

ಎರಡು ತಿಂಗಳಿಂದ ಇದು ಹೀಗೆ ಮಾಡ್ತಿದೆ. ಮಧ್ಯಾಹ್ನ ಆದರೆ ಸಾಕು, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಒಮ್ಮೊಮ್ಮೆ ಪರದೆ ತುಂಬ ಅಂಕಿಗಳು ಬಂದು ಕೊನೆಗೆ ಕರ್ನಲ್ (ಲಿನಕ್ಸಿನ ತಿರುಳು) ಪ್ಯಾನಿಕ್ ಅಂತ ಬರುತ್ತದೆ. ಒಮ್ಮೊಮ್ಮೆ ಪಟ್ಟಿ ಪ್ರೋಗ್ರಾಮ್ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ (ಮೆಮೊರಿಯಲ್ಲಿ ಮುಟ್ಟಬಾರದ ಜಾಗ ಮುಟ್ಟಿದ ತಪ್ಪು) ಅಂತ ಸಾಯುತ್ತದೆ. ಮತ್ತೆ ಓಡಿಸಿದರೆ ಏನೂ ಆಗದವರ ಹಾಗೆ ಓಡುತ್ತದೆ. ಇವತ್ತು ಗುರುವಾರ, ಟೆಂಡರ್ ದಿನ. ಮೂರು ಸಲ ಬಿತ್ತು. ರೈತರು ಪಟ್ಟಿಗಾಗಿ ಕಟ್ಟೆ ಮೇಲೆ ಕೂತಿದ್ದರು.

ಬೀಳೋದನ್ನಾದರೂ ತಡೆದುಕೊಳ್ಳಬಹುದು. ಭಯ ಆಗಿರೋದು ಖಾತೆ ಫೈಲಿನ ಬಗ್ಗೆ. ಹೆಸರುಗಳನ್ನು ನಾವು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹೊಡೆಯುತ್ತೇವೆ. ಹಾವೇರಿ ಅಂತ ಇದ್ದದ್ದು ಒಂದು ಕಡೆ ಲಾವೇರಿ ಆಗಿದೆ. ಹನುಮಪ್ಪ ಇದ್ದದ್ದು ಲನುಮಪ್ಪ. ಎರಡು ಹೆಸರಿನ ನಡುವೆ ಖಾಲಿ ಜಾಗ ಇರಬೇಕಾದಲ್ಲಿ $ ಚಿಹ್ನೆ ಕೂತಿದೆ. ಮೊತ್ತದಲ್ಲಿ 1<400 ಅಂತ ಒಂದು, =250 ಅಂತ ಇನ್ನೊಂದು. ಇಂಥವು ಕಣ್ಣಿಗೆ ಬಿದ್ದವು. ಬೀಳದೆ ಇರೋವು ಎಷ್ಟಿವೆಯೋ.

ತೋರಿಸಿದ ಅಂಗಡಿಯವರು ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸದು ಹಾಕೋಣ ಅಂದರು. ನನಗೆ ಒಪ್ಪಿಗೆ ಆಗ್ತಿಲ್ಲ. ಏನು ಮಾಡಲಿ?

ರಿಪೇರಿ ರೂಮು | ಗುರುವಾರ, ರಾತ್ರಿ 11:05

ಅಣ್ಣಾ, 20 ಜಿಬಿ ಡಿಸ್ಕ್ ಇಷ್ಟು ವರ್ಷ ಬಾಳಿದ್ದೇ ದೊಡ್ಡದು. ನಾನೂ ಡಿಸ್ಕ್ ಮೇಲೇ ಅನುಮಾನ ಪಡ್ತೀನಿ. ಸ್ಮಾರ್ಟ್ ರಿಪೋರ್ಟ್ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ತೆಗೆದು 5, 197, 199 ಈ ಮೂರು ಸಾಲು ಹಾಕಿ. 5 ಅಂದರೆ ಕೆಟ್ಟ ಸೆಕ್ಟರಿನ ಬದಲಿಗೆ ಬೇರೆ ಸೆಕ್ಟರ್ ಕೊಟ್ಟ ಲೆಕ್ಕ. 197 ಅಂದರೆ ಓದಲಾಗದೆ ಕಾಯ್ತಿರೋ ಸೆಕ್ಟರ್. 199 ಕೇಬಲ್ಲಿನ ತಪ್ಪು.

ನವನಗರದ ಕಾಕಾ | ಗುರುವಾರ, ರಾತ್ರಿ 11:20

ತಮ್ಮಾ, ಮೊದಲು ಮಷಿನ್ ಆಫ್ ಮಾಡಿಸು. ಈಗಲೇ ಫೋನ್ ಮಾಡು. ಏನು ಕೆಟ್ಟಿದೆ ಅಂತ ಆಮೇಲೆ ಹುಡುಕೋಣ. ಕೆಟ್ಟ ಮಷಿನ್ ಓಡಿದಷ್ಟೂ ಒಳ್ಳೆಯ ಫೈಲನ್ನು ಕೆಡಿಸುತ್ತದೆ.

ಇನ್ನೊಂದು ಮಾತು, ಫೈಲ್ ಸಿಸ್ಟಮ್ ತಪಾಸಣೆ ಮಾಡೋ ಎಫ್‌ಎಸ್‌ಸಿಕೆ ಓಡಿಸಬೇಡ. ಓಡಿಸಿಲ್ಲ ತಾನೆ?

ಬ್ಯಾಡಗಿ ಕಡ್ಡಿ | ಗುರುವಾರ, ರಾತ್ರಿ 11:31

ಆಫ್ ಮಾಡಿಸಿದೆ ಕಾಕಾ.

ಎಫ್‌ಎಸ್‌ಸಿಕೆ ಎರಡು ಸಲ ಓಡಿಸಿದ್ದೇನೆ. ಮಷಿನ್ ಬಿದ್ದು ಎದ್ದಾಗ ಅದೇ ಕೇಳುತ್ತದಲ್ಲ. ಒಂದೊಂದಕ್ಕೂ ಹೌದು ಅನ್ನಲಾಗದೆ ಎಲ್ಲಕ್ಕೂ ಹೌದು ಅನ್ನೋ ಡ್ಯಾಶ್ ವೈ ಕೊಟ್ಟೆ. ಎರಡನೇ ಸಲ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಿನಲ್ಲಿ ನಲವತ್ತು ಫೈಲು ಬಂದು ಬಿದ್ದಿವೆ. ಹೆಸರಿಲ್ಲ, ಬರೀ # ಮತ್ತು ಒಂದು ಸಂಖ್ಯೆ.

ನವನಗರದ ಕಾಕಾ | ಗುರುವಾರ, ರಾತ್ರಿ 11:58

ಆಯ್ತು, ಆಗಿದ್ದು ಆಯ್ತು. ಬಯ್ಯೋದಿಲ್ಲ. ಆದರೆ ಯಾಕೆ ಬೇಡ ಅಂದೆ ಅನ್ನೋದನ್ನು ತಿಳಿದುಕೊ, ಇಲ್ಲಿ ಓದೋ ಬೇರೆಯವರಿಗೂ ಬೇಕಾಗುತ್ತದೆ.

ಎಫ್‌ಎಸ್‌ಸಿಕೆ ನಿನ್ನ ಫೈಲಿನ ಒಳಗೆ ಏನಿದೆ ಅಂತ ನೋಡೋದಿಲ್ಲ. ಅದು ನೋಡೋದು ಫೈಲ್ ಸಿಸ್ಟಮಿನ ಲೆಕ್ಕವನ್ನು. ಯಾವ ಐನೋಡಿಗೆ (ಒಂದು ಫೈಲಿನ ವಿವರ ಇರೋ ದಾಖಲೆ) ಯಾವ ಬ್ಲಾಕು (ಡಿಸ್ಕಿನ ತುಣುಕು), ಯಾವ ಹೆಸರಿಗೆ ಯಾವ ಐನೋಡು, ಖಾಲಿ ಎಷ್ಟು, ತುಂಬಿದ್ದು ಎಷ್ಟು. ತಾಳೆ ಆಗದಿದ್ದರೆ ತಾಳೆ ಆಗೋ ಹಾಗೆ ಮಾಡುತ್ತದೆ. ಅದಕ್ಕೆ ಕೆಲವು ಸಲ ಕತ್ತರಿಸಲೂಬೇಕು. ಮಾಲೀಕನಿಲ್ಲದ ಐನೋಡು ಸಿಕ್ಕರೆ ಲಾಸ್ಟ್ ಪ್ಲಸ್ ಫೌಂಡಿಗೆ ತಂದು ಹಾಕುತ್ತದೆ. ನಿನ್ನ ನಲವತ್ತು ಫೈಲು ಹಾಗೆ ಬಂದವು.

ಈಗ ಯೋಚನೆ ಮಾಡು. ಡಿಸ್ಕಿನಲ್ಲಿ ಲೆಕ್ಕ ಸರಿಯಾಗೇ ಇದ್ದು, ಓದಿ ತರೋ ದಾರಿಯಲ್ಲಿ ಅಥವಾ ರ‍್ಯಾಮಿನಲ್ಲಿ ಕೆಟ್ಟರೆ? ಎಫ್‌ಎಸ್‌ಸಿಕೆಗೆ ಇಲ್ಲದ ತಪ್ಪು ಕಾಣಿಸುತ್ತದೆ. ಅದು ನಂಬಿಕೆಯಿಂದ ಒಳ್ಳೆಯದನ್ನೇ ತಿದ್ದಿ ಕೆಡಿಸಿ ಬರೆಯುತ್ತದೆ. ಡ್ಯಾಶ್ ವೈ ಅಂದರೆ ನೀನು ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟ ಹಾಗೆ. ಮುಂದೆ ನೋಡಲೇಬೇಕು ಅನ್ನಿಸಿದರೆ ಡ್ಯಾಶ್ ಎನ್ ಕೊಡು. ಏನು ಮಾಡುತ್ತಿದ್ದೆ ಅಂತ ಹೇಳುತ್ತದೆ, ಏನನ್ನೂ ಬರೆಯೋದಿಲ್ಲ.

ಬ್ಯಾಡಗಿಗೆ ಹೋದಾಗ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆ. ಐಡಿಇಯಿಂದ ಯುಎಸ್‌ಬಿಗೆ ಹಾಕೋ ಅಡಾಪ್ಟರ್ ಸಿಗುತ್ತದೆ, ತಗೊಂಡು ಹೋಗು. ನಿನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಮೌಂಟ್ ಕೂಡ ಮಾಡದೆ (ಅದರ ಫೈಲ್ ಸಿಸ್ಟಮ್ ತೆರೆಯದೆ) ಡಿಡಿರೆಸ್ಕ್ಯೂ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಬೈಟಿಗೆ ಬೈಟು ನಕಲು, ತೆಗೆ. 20 ಜಿಬಿ ಅಷ್ಟೇ. ಇಮೇಜಿಗೆ ಇನ್ನೊಂದು ಪ್ರತಿ ಮಾಡು. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆ. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡು.

ಬೆಟಗೇರಿ ಪ್ರೆಸ್ | ಶುಕ್ರವಾರ, ಬೆಳಿಗ್ಗೆ 7:15

ನಡುವೆ ಬರ್ತಿದ್ದೇನೆ, ಕ್ಷಮಿಸಿ. ನಮ್ಮದೂ ಇಂಥದೇ ಗೋಳು. ಗದಗ ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್, ಹಳೇ ಲಿನಕ್ಸ್ ಮಷಿನ್, ಇಎಕ್ಸ್‌ಟಿ2. ಕಳೆದ ವಾರ ಕರೆಂಟ್ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಕೈ ಕೊಟ್ಟಿದ್ದು ಆಗಲೇ ಗೊತ್ತಾಗಿದ್ದು. ಎದ್ದ ಮೇಲೆ ಒಂದು ಲಗ್ನಪತ್ರಿಕೆಯ ಫೈಲ್ ತೆರೆದರೆ, ಅರ್ಧ ಲಗ್ನಪತ್ರಿಕೆ. ಉಳಿದರ್ಧ ಯಾವಾಗಲೋ ಅಳಿಸಿದ್ದ ಒಂದು ಶ್ರದ್ಧಾಂಜಲಿ ಕಾರ್ಡಿನ ಸಾಲುಗಳು. ಹುಡುಗ ನೋಡದೆ ಪ್ಲೇಟ್ ಮಾಡಿಸಿದ್ದರೆ ಆ ಮನೆಯವರಿಗೆ ನಾನು ಮುಖ ಹೇಗೆ ತೋರಿಸಬೇಕಿತ್ತು?

ಕಡ್ಡಿ ಅಣ್ಣನ ರೋಗ ನಮ್ಮದೂ ಒಂದೇನಾ?

ಸಾಧನಕೇರಿ | ಶುಕ್ರವಾರ, ಬೆಳಿಗ್ಗೆ 9:02

ನನಗೆ ಅನ್ನಿಸೋ ಪ್ರಕಾರ ಅಲ್ಲ ಅಣ್ಣಾ. ನಿಮ್ಮದಕ್ಕೆ ಆಮೇಲೆ ಬರ್ತೀನಿ.

ಕಡ್ಡಿ ಅವರೇ, ನಿಮ್ಮ ಹತ್ತಿರ ಹಳೇ ಬ್ಯಾಕಪ್ ಏನಾದರೂ ಇದೆಯಾ? ಒಂದು ಸಿಡಿ ಆದರೂ ಸರಿ. ಇದ್ದರೆ ಅದರಲ್ಲಿರೋ ಹಳೇ ವರ್ಷಗಳ ಫೈಲನ್ನೂ ಇಮೇಜಿನಲ್ಲಿರೋ ಅದೇ ಫೈಲನ್ನೂ ಸಿಎಂಪಿ ಡ್ಯಾಶ್ ಎಲ್ ಹಾಕಿ ಹೋಲಿಸಿ. ಬೇರೆ ಇರೋ ಬೈಟಿನ ಜಾಗ, ಮೊದಲಿನ ಬೆಲೆ, ಈಗಿನ ಬೆಲೆ ಮೂರೂ ತೋರಿಸುತ್ತದೆ. ಬೆಲೆಗಳು ಎಂಟರ ಮಾನದಲ್ಲಿ ಬರ್ತವೆ, ಗಾಬರಿ ಆಗಬೇಡಿ. ಹಾಗೇ ಇಲ್ಲಿ ಹಾಕಿ.

ಇನ್ನೊಂದು ಪ್ರಶ್ನೆ. ಮುಗಿದ ವರ್ಷದ ಫೈಲನ್ನು ಯಾರೂ ಮುಟ್ಟೋದಿಲ್ಲ ಅಲ್ವಾ? ಹಾಗಿದ್ದರೆ ಅದು ಕೆಡೋದು ಹೇಗೆ?

ಬ್ಯಾಡಗಿ ಕಡ್ಡಿ | ಶುಕ್ರವಾರ, ಮಧ್ಯಾಹ್ನ 1:10

ಪ್ರತಿ ದೀಪಾವಳಿಗೆ ಖಾತೆ ಪೂಜೆಯ ದಿನ ಅಪ್ಪ ಒಂದು ಸಿಡಿ ಬರೆಸ್ತಾರೆ ಅಕ್ಕಾ. ಚೋಪಡಿ (ಕೈಬರಹದ ಲೆಕ್ಕದ ಪುಸ್ತಕ) ಜೊತೆ ಆ ಸಿಡಿಗೂ ಕುಂಕುಮ ಹಚ್ಚಿ ಪೂಜೆ. ಹೋದ ದೀಪಾವಳಿಯದು ಇದೆ.

ಮುಟ್ಟೋದಿಲ್ಲ ಅಂತಲ್ಲ. ರಾತ್ರಿ ಅಂಗಡಿ ಮುಚ್ಚೋವಾಗ ದಿನದ ಮುಕ್ತಾಯ ಅಂತ ಒಂದು ಕೆಲಸ ಓಡುತ್ತದೆ. ಅದು ಎಲ್ಲ ವರ್ಷದ ಫೈಲನ್ನೂ ಓದಿ ಮತ್ತೆ ಹೊಸದಾಗಿ ಬರೆಯುತ್ತದೆ. ಈ ವರ್ಷದ್ದನ್ನು ಹೆಸರಿನ ಪ್ರಕಾರ ಜೋಡಿಸುತ್ತದೆ ಕೂಡ.

ನವನಗರದ ಕಾಕಾ | ಶುಕ್ರವಾರ, ಮಧ್ಯಾಹ್ನ 1:24

ಹಂಗಾದರೆ ದಿನಾ ರಾತ್ರಿ ಇಡೀ ಖಾತೆ ಆ ರ‍್ಯಾಮಿನ ಮೂಲಕ ಹಾದು ಹೋಗ್ತಿದೆ. ಸಾಧನಕೇರಿ ತಂಗಿ ಎಲ್ಲಿಗೆ ಬರ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

ಬ್ಯಾಡಗಿ ಕಡ್ಡಿ | ಶನಿವಾರ, ಸಂಜೆ 6:45

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಕಾಕಾ ಹೇಳಿದ ಹಾಗೇ ಮಾಡಿದೆ.

ಮೊದಲು ಕ್ಯಾಬಿನೆಟ್ ಬಗ್ಗೆ ಹೇಳಬೇಕು. ಬದಿಯ ತಗಡು ಸರಿಸಿದ ಕೂಡಲೇ ಘಾಟು ಹೊಡೆಯಿತು. ನಾನು, ಅಪ್ಪ, ದಿವಾನಜಿ ಮೂವರೂ ಸೀನಿದೆವು. ಒಳಗೆಲ್ಲ ಕೆಂಪು. ಮೆಣಸಿನಕಾಯಿ ಪುಡಿ ಮತ್ತು ಮಣ್ಣು ಸೇರಿ ಫ್ಯಾನಿನ ರೆಕ್ಕೆ ಮೇಲೆ ಕಂಬಳಿ ಹಾಗೆ ಕೂತಿದೆ. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ಸಂದು ಪೂರ್ತಿ ಮುಚ್ಚಿದೆ. ಉಗುರಿನಿಂದ ಕೆರೆದರೆ ಹೆಪ್ಪು ಹೆಪ್ಪಾಗಿ ಎದ್ದು ಬಂತು. ಹೊರಗೆ ಕಟ್ಟೆ ಮೇಲೆ ಇಟ್ಟು, ಮೂಗಿಗೆ ಟವೆಲ್ ಕಟ್ಟಿಕೊಂಡು, ಪೇಂಟ್ ಬ್ರಷ್ಷಿನಿಂದ ಒಂದು ತಾಸು ಗುಡಿಸಿದೆ.

ಇಮೇಜ್ ಒಂದೇ ಏಟಿಗೆ ಬಂತು. ಓದಲಾಗದ ಸೆಕ್ಟರ್ ಒಂದೂ ಇಲ್ಲ. ರಿಪೇರಿ ರೂಮು ಅಣ್ಣಾ, ನೀವು ಕೇಳಿದ ಸ್ಮಾರ್ಟ್ ಸಾಲು ಮೂರೂ ಸೊನ್ನೆ.

ಸಿಡಿ ಜೊತೆ ಹೋಲಿಸಿದ್ದು ಇಲ್ಲಿದೆ, ಬೇರೆ ಬೇರೆ ವರ್ಷದ ಫೈಲು, ಒಂದೊಂದರಿಂದ ಒಂದೊಂದು ಸಾಲು:

2741: 110 ಇದ್ದದ್ದು 114
15029: 061 ಇದ್ದದ್ದು 065
72373: 070 ಇದ್ದದ್ದು 074
166581: 040 ಇದ್ದದ್ದು 044

ಒಟ್ಟು 61 ಬೈಟು ಬೇರೆ ಇವೆ. ಹತ್ತಾರು ಲಕ್ಷ ಬೈಟಿನಲ್ಲಿ 61 ಅಂದರೆ ಕಡಿಮೆಯೇ ಅಲ್ವಾ?

ಸಾಧನಕೇರಿ | ಶನಿವಾರ, ರಾತ್ರಿ 8:20

ಕಡಿಮೆಯೇ, ಆದರೆ ಸಾಕಷ್ಟು ಹೇಳ್ತಿವೆ. ನಿಧಾನಕ್ಕೆ ಓದಿ.

ಎಲ್ಲ ಸಾಲಿನಲ್ಲೂ ವ್ಯತ್ಯಾಸ ಸರಿಯಾಗಿ 4. ಒಂದೂ ತಪ್ಪಿಲ್ಲ. ಎರಡರ ಮಾನದಲ್ಲಿ 4 ಅಂದರೆ ಒಂದೇ ಒಂದು ಬಿಟ್. ಸೊನ್ನೆ ಇರಬೇಕಾದಲ್ಲಿ ಅದು ಒಂದು ಆಗಿದೆ. ಈಗ ನಿಮ್ಮ ಲಾವೇರಿಗೆ ಬನ್ನಿ. ಕಂಪ್ಯೂಟರಿನ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಇಂಗ್ಲಿಷಿನ ಹೆಚ್ ಅಕ್ಷರದ್ದು 72 (ಎಂಟರ ಮಾನದಲ್ಲಿ 110). ನಾಲ್ಕು ಕೂಡಿಸಿ, 76. ಅದು ಎಲ್. ಖಾಲಿ ಜಾಗದ ಸಂಖ್ಯೆ 32, ನಾಲ್ಕು ಕೂಡಿಸಿದರೆ 36, ಅದು $. ಎಂಟು ಅಂಕಿಯ ಸಂಖ್ಯೆ 56, ಕೂಡಿಸಿದರೆ 60, ಅದು <. ಒಂಬತ್ತಕ್ಕೆ ಕೂಡಿಸಿದರೆ =. ನೀವು ಮೊದಲ ದಿನ ಬರೆದ ಎಲ್ಲ ವಿಚಿತ್ರಗಳೂ ಈ ಒಂದೇ ಬಿಟ್ಟು ಮಾಡಿದ್ದು.

ಇನ್ನು ಜಾಗ ನೋಡಿ. ಸಿಎಂಪಿ ಒಂದರಿಂದ ಎಣಿಸುತ್ತದೆ, ಹಾಗಾಗಿ ಒಂದು ಕಳೆಯಿರಿ. ಆಮೇಲೆ 4096ರಿಂದ ಭಾಗಿಸಿ ಶೇಷ ತೆಗೆಯಿರಿ. ನಾಲ್ಕಕ್ಕೂ 2740 ಬರುತ್ತದೆ. 4096 ಬೈಟು ಅಂದರೆ ರ‍್ಯಾಮಿನ ಒಂದು ಪೇಜು. 2.4 ಕರ್ನಲ್ ಫೈಲನ್ನು ಪೇಜು ಪೇಜಾಗಿ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಫೈಲು ಯಾವುದೇ ಇರಲಿ, ಕೆಡೋದು ಯಾವಾಗಲೂ ಪೇಜಿನ 2740ನೇ ಬೈಟು. ಡಿಸ್ಕು ಹೀಗೆ ಕೆಡೋದಿಲ್ಲ.

ನಿಮ್ಮ ರ‍್ಯಾಮಿನಲ್ಲಿ ಒಂದೇ ಒಂದು ಕೋಶ ಸತ್ತಿದೆ. ಆ ಪೇಜಿಗೆ ಖಾತೆ ಬಂದು ಕೂತರೆ ಅಂಕಿ ಕೆಡುತ್ತದೆ. ಪ್ರೋಗ್ರಾಮ್ ಬಂದು ಕೂತರೆ ಸೆಗ್ಮೆಂಟೇಶನ್ ಫಾಲ್ಟ್. ಕರ್ನಲ್ಲಿನ ಸ್ವಂತ ಲೆಕ್ಕ ಕೂತರೆ ಪ್ಯಾನಿಕ್. ಐನೋಡುಗಳು ಕೂತರೆ ಎಫ್‌ಎಸ್‌ಸಿಕೆಗೆ ಇಲ್ಲದ ತಪ್ಪು ಕಾಣುತ್ತದೆ.

ರಿಪೇರಿ ರೂಮು | ಶನಿವಾರ, ರಾತ್ರಿ 8:41

ಒಪ್ಪಿದೆ ಅಕ್ಕಾ. ಆದರೆ ಒಂದು ಅನುಮಾನ. ಕೇಬಲ್ಲಿನ ಒಂದು ತಂತಿ ಸಡಿಲ ಇದ್ದರೂ ಒಂದೇ ಬಿಟ್ ಕೆಡಬಹುದಲ್ಲ? ಐಡಿಇ ಕೇಬಲ್ಲಿನಲ್ಲಿ ಡೇಟಾಕ್ಕೇ 16 ತಂತಿ ಇರ್ತವೆ.

ನವನಗರದ ಕಾಕಾ | ಶನಿವಾರ, ರಾತ್ರಿ 9:10

ಒಳ್ಳೆಯ ಪ್ರಶ್ನೆ ತಮ್ಮಾ. ತಂತಿ ಸಡಿಲ ಇದ್ದರೆ ಬಿಟ್ ಒಂದೇ ಇರಬಹುದು, ಆದರೆ ಜಾಗ ಒಂದೇ ಇರೋದಿಲ್ಲ. ಆ ತಂತಿಯ ಮೇಲೆ ಹೋಗೋ ಎಲ್ಲವೂ ಆಗೊಮ್ಮೆ ಈಗೊಮ್ಮೆ ಕೆಡುತ್ತವೆ, ಅಲ್ಲೊಂದು ಇಲ್ಲೊಂದು. ಅದೂ ಅಲ್ಲದೆ ಡೇಟಾ ಸಾಗಿಸೋ ಅಲ್ಟ್ರಾ ಡಿಎಂಎ ವಿಧಾನ ಬಂದ ಮೇಲೆ ಕೇಬಲ್ಲಿನ ಮೇಲೆ ಹೋಗೋ ಡೇಟಾಕ್ಕೆ ಸಿಆರ್‌ಸಿ ತಪಾಸಣೆ ಇದೆ. ಕೆಟ್ಟರೆ ಲಾಗಿನಲ್ಲಿ ಬರುತ್ತದೆ, 199ನೇ ಸಾಲೂ ಏರುತ್ತದೆ. ಇವನದು ಸೊನ್ನೆ. ತೀರ ಹಳೇ ಪಿಐಒ ಮೋಡಿನಲ್ಲಿ ಓಡೋ ಮಷಿನಾದರೆ ನಿನ್ನ ಅನುಮಾನ ನಿಜ ಆಗಬಹುದಿತ್ತು, ಅಲ್ಲಿ ಆ ತಪಾಸಣೆ ಇಲ್ಲ.

ನಾನು ಕೆಲಸ ಕಲಿತಾಗ ನನ್ನ ಹಿರಿಯರು ಹೇಳಿಕೊಟ್ಟಿದ್ದು ಇದೇ. ಕೆಟ್ಟ ಫೈಲನ್ನು ಅಳಿಸಬೇಡ, ಅದರ ಗಾಯದ ಆಕಾರ ನೋಡು. ಒಂದು ಬಿಟ್ ಮಾತ್ರ ತಿರುಗಿದ್ದರೆ ರ‍್ಯಾಮ್ ಕಡೆ ನೋಡು. 512 ಬೈಟು ಅಥವಾ ಒಂದು ಇಡೀ ಬ್ಲಾಕ್ ಕಸ ಆಗಿದ್ದರೆ ಡಿಸ್ಕು, ಕಂಟ್ರೋಲರ್, ಫೈಲ್ ಸಿಸ್ಟಮ್. ಕೊನೆಯ ಭಾಗ ಸೊನ್ನೆ ಆಗಿದ್ದರೆ, ಇಲ್ಲಾ ಬೇರೆ ಫೈಲಿನ ಸಾಲು ಬಂದಿದ್ದರೆ ಬರೆಯೋ ಮುಂಚೆ ಕರೆಂಟ್ ಹೋಗಿದೆ. ಬೆಟಗೇರಿಯವರೇ, ನಿಮ್ಮದು ಈ ಕೊನೆಯದು.

ಬೆಟಗೇರಿ ಪ್ರೆಸ್ | ಶನಿವಾರ, ರಾತ್ರಿ 9:22

ಅಳಿಸಿದ್ದ ಶ್ರದ್ಧಾಂಜಲಿ ಎಲ್ಲಿಂದ ಬಂತು ಕಾಕಾ? ಅದೇ ನನಗೆ ತಲೆಗೆ ಹೋಗ್ತಿಲ್ಲ.

ನವನಗರದ ಕಾಕಾ | ಶನಿವಾರ, ರಾತ್ರಿ 9:50

ಅಳಿಸೋದು ಅಂದರೆ ಒರೆಸೋದಲ್ಲ. ಆ ಬ್ಲಾಕುಗಳು ಖಾಲಿ ಅಂತ ಪುಸ್ತಕದಲ್ಲಿ ಬರೆದುಕೊಳ್ಳೋದು, ಅಷ್ಟೇ. ಅಕ್ಷರಗಳು ಡಿಸ್ಕಿನ ಮೇಲೆ ಹಾಗೇ ಇರ್ತವೆ.

ನೀವು ಲಗ್ನಪತ್ರಿಕೆ ಸೇವ್ ಮಾಡಿದಾಗ ಅದು ನೇರ ಡಿಸ್ಕಿಗೆ ಹೋಗೋದಿಲ್ಲ. ರ‍್ಯಾಮಿನಲ್ಲಿ ಕಾಯುತ್ತದೆ. ಆ ಕಾಲದ ಕರ್ನಲ್ಲಿನಲ್ಲಿ 30 ಸೆಕೆಂಡಿನ ತನಕ ಕಾಯೋದು ಮಾಮೂಲು. ಇಎಕ್ಸ್‌ಟಿ2ನಲ್ಲಿ ಯಾವುದು ಮೊದಲು ಹೋಗಬೇಕು ಅನ್ನೋ ಕಟ್ಟುನಿಟ್ಟು ಇಲ್ಲ. ಈ ಫೈಲಿಗೆ ಈ ಬ್ಲಾಕು ಅನ್ನೋ ಲೆಕ್ಕ ಮೊದಲು ಬರೆದಾಯಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ಅಕ್ಷರ ಹೋಗಲೇ ಇಲ್ಲ. ಎದ್ದ ಮೇಲೆ ಆ ಬ್ಲಾಕು ಓದಿದರೆ ಹಳೇ ಮಾಲೀಕನ ಸಾಲು ಬರುತ್ತದೆ.

ಇಎಕ್ಸ್‌ಟಿ2 ಬಂದಿದ್ದು 1993ರಲ್ಲಿ. ಬಹಳ ಗಟ್ಟಿ ಕೆಲಸ ಅದು, ನಾನು ಇವತ್ತಿಗೂ ಮರ್ಯಾದೆ ಕೊಡ್ತೇನೆ. ಆದರೆ ಅದಕ್ಕೆ ಜರ್ನಲ್, ಅಂದರೆ ಮಾಡೋ ಬದಲಾವಣೆಯನ್ನು ಮೊದಲೇ ಬರೆದಿಡೋ ದಿನಚರಿ, ಇಲ್ಲ. ಇಎಕ್ಸ್‌ಟಿ3 ಅಂತ ಜರ್ನಲ್ ಇರೋದು 2001ರ ನವೆಂಬರಿನಲ್ಲಿ, 2.4.15ರಲ್ಲಿ ಮುಖ್ಯ ಕರ್ನಲ್ಲಿಗೆ ಸೇರಿತು. ಅದು ಮಾಮೂಲಾಗಿ ಓಡೋ ರೀತಿಯಲ್ಲಿ ಮೊದಲು ಅಕ್ಷರ ಡಿಸ್ಕಿಗೆ ಹೋಗಬೇಕು, ಆಮೇಲೇ ಲೆಕ್ಕ. ಹಾಗಾಗಿ ನಿಮಗೆ ಬಂದ ಈ ತೊಂದರೆ ಅದರಲ್ಲಿ ಬರೋದಿಲ್ಲ. ಒಂದು ಎಚ್ಚರಿಕೆ, 2.4.15 ಮಾತ್ರ ಹಾಕಬೇಡಿ. ಅದರಲ್ಲಿ ಅನ್‌ಮೌಂಟ್ ಮಾಡುವಾಗ ಫೈಲ್ ಸಿಸ್ಟಮ್ ಕೆಡಿಸೋ ದೋಷ ಇತ್ತು. ಕೆಲವೇ ದಿನದಲ್ಲಿ 2.4.16 ಬಂತು. ಇಎಕ್ಸ್‌ಟಿ3 ಇರೋ ಕರ್ನಲ್ ಹಾಕಿದ ಮೇಲೆ ಟ್ಯೂನ್2ಎಫ್‌ಎಸ್‌ಗೆ ಡ್ಯಾಶ್ ಜೆ ಕೊಟ್ಟರೆ ಇರೋ ಫೈಲಿಗೆ ಏನೂ ಆಗದೆ ಜರ್ನಲ್ ಸೇರುತ್ತದೆ. ಬ್ಯಾಕಪ್ ತಗೊಂಡೇ ಮಾಡಿ.

ಅದಕ್ಕಿಂತ ಮುಂಚೆ ಯುಪಿಎಸ್ ಬ್ಯಾಟರಿ ಬದಲಿಸಿ. ನಾಳೆಯೇ.

ಬೆಟಗೇರಿ ಪ್ರೆಸ್ | ಶನಿವಾರ, ರಾತ್ರಿ 9:58

ನಾಳೆಯೇ ಬದಲಿಸ್ತೇನೆ ಕಾಕಾ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಬ್ಯಾಡಗಿ ಕಡ್ಡಿ | ಭಾನುವಾರ, ಬೆಳಿಗ್ಗೆ 8:30

ರಾತ್ರಿಯೆಲ್ಲ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಓಡಿಸಿದೆ. ಡಿಸ್ಕ್ ಹಾಕದೆ, ಫ್ಲಾಪಿಯಿಂದ. ಮೊದಲೆರಡು ಸುತ್ತಿನಲ್ಲಿ ಏನೂ ಇಲ್ಲ. ನನಗೆ ನಿರಾಸೆಯೇ ಆಯಿತು. ಮೂರನೇ ಸುತ್ತಿನಲ್ಲಿ, ಮಷಿನ್ ಬಿಸಿ ಆದ ಮೇಲೆ, ಕೆಂಪು ಸಾಲು ಬಂತು. ಆಮೇಲೆ ಬರ್ತಾನೇ ಇತ್ತು. ಎಲ್ಲ ಸಾಲಿನಲ್ಲೂ ಅದೇ ವಿಳಾಸ, 106 ಎಂಬಿಯಿಂದ ಸ್ವಲ್ಪ ಮುಂದೆ. ವಿಳಾಸದ ಕೊನೆಯ ಮೂರು ಅಂಕಿ ಎ, ಬಿ, 4. ತಪ್ಪು ಬಿಟ್ಟಿನ ಕಾಲಮಿನಲ್ಲಿ 00000004.

ಎ ಬಿ 4 ಅನ್ನೋದನ್ನು ಹದಿನಾರರ ಮಾನದಿಂದ ಬಿಡಿಸಿದೆ. ಹತ್ತು ಗುಣಿಸು 256, ಹನ್ನೊಂದು ಗುಣಿಸು 16, ಜೊತೆಗೆ 4. ಕೂಡಿಸಿದರೆ 2740. ಕಾಗದದ ಮೇಲೆ ಆ ಸಂಖ್ಯೆ ಬಂದಾಗ ಕೈ ನಡುಗಿತು. ಅಕ್ಕ ಧಾರವಾಡದಲ್ಲಿ ಕೂತು ಹೇಳಿದ ಸಂಖ್ಯೆ ಇಲ್ಲಿ ಪರದೆ ಮೇಲೆ ಬಂದಿದೆ.

ನಮ್ಮಲ್ಲಿ 64 ಎಂಬಿಯ ಎರಡು ರ‍್ಯಾಮ್ ಕಡ್ಡಿ ಇವೆ. ಕೆಟ್ಟಿದ್ದು 106ರಲ್ಲಿ ಅಂದರೆ ಎರಡನೆಯದು ಅಲ್ವಾ?

ಸಾಧನಕೇರಿ | ಭಾನುವಾರ, ಬೆಳಿಗ್ಗೆ 8:52

ಹೌದು, ಎರಡನೆಯದೇ ಇರಬೇಕು. ತೆಗೆದು, ಉಳಿದ ಒಂದರ ಮೇಲೆ ಮತ್ತೆ ಒಂದು ರಾತ್ರಿ ಓಡಿಸಿ ಖಾತ್ರಿ ಮಾಡಿಕೊಳ್ಳಿ. ಬೂಟ್ ಮಾಡುವಾಗ ಮೆಮ್ ಅನ್ನೋ ಆಯ್ಕೆಯಲ್ಲಿ 96 ಎಂಬಿ ಅಂತ ಕೊಟ್ಟರೆ ಕರ್ನಲ್ ಅದರಾಚೆ ಹೋಗೋದಿಲ್ಲ, ಅದೂ ಒಂದು ದಾರಿ. ಆದರೆ ಕೆಟ್ಟ ಕಡ್ಡಿಯನ್ನು ಒಳಗಿಟ್ಟುಕೊಂಡು ನಿಮ್ಮಪ್ಪ ನೆಮ್ಮದಿಯಿಂದ ಪಟ್ಟಿ ಕೊಡಬೇಕು ಅಂದರೆ ನನಗೆ ಮನಸ್ಸು ಬರ್ತಿಲ್ಲ. ಅಕ್ಷರದ ಪರದೆಯ ಪ್ರೋಗ್ರಾಮಿಗೆ 64 ಎಂಬಿ ಧಾರಾಳ.

ರಿಪೇರಿ ರೂಮು | ಭಾನುವಾರ, ಬೆಳಿಗ್ಗೆ 9:15

ನನ್ನ ಹತ್ತಿರ ಹಳೇ ಪಿಸಿ133 ಕಡ್ಡಿ ನಾಲ್ಕಾರು ಇವೆ. ಪರೀಕ್ಷೆ ಮಾಡಿ ಒಂದು ಎತ್ತಿಡ್ತೀನಿ, ಹುಬ್ಬಳ್ಳಿಗೆ ಬಂದಾಗ ಒಯ್ಯಿರಿ. ದುಡ್ಡು ಬೇಡ. ಮೊದಲು ಡಿಸ್ಕು ಅಂದೆ, ತಪ್ಪು ನನ್ನದು. ಇನ್ನು ಮುಂದೆ ಗಿರಾಕಿ ಬಂದರೆ ಫಾರ್ಮ್ಯಾಟ್ ಅನ್ನೋ ಮುಂಚೆ ಒಂದು ರಾತ್ರಿ ರ‍್ಯಾಮ್ ನೋಡ್ತೀನಿ.

ಬ್ಯಾಡಗಿ ಕಡ್ಡಿ | ಸೋಮವಾರ, ರಾತ್ರಿ 10:15

ಇವತ್ತು ಟೆಂಡರ್ ದಿನ. ಒಂದು ಕಡ್ಡಿಯ ಮೇಲೆ ಇಡೀ ದಿನ ಓಡಿತು. ಒಂದು ಸಲವೂ ಬೀಳಲಿಲ್ಲ.

ಈಗ ಖಾತೆ ತಿದ್ದಬೇಕು. ಹಳೇ ವರ್ಷಗಳ 61 ಬೈಟನ್ನು ಸಿಡಿಯಿಂದ ತಂದೆ, ಅದು ಸುಲಭ. ಲಾಸ್ಟ್ ಪ್ಲಸ್ ಫೌಂಡಿನ ನಲವತ್ತೂ ಹಳೇ ಪ್ರಿಂಟ್ ಫೈಲುಗಳು, ಬೇಕಾದದ್ದು ಏನಿಲ್ಲ. ತೊಂದರೆ ಇರೋದು ದೀಪಾವಳಿಯಿಂದ ಈಚೆ ಬರೆದದ್ದರಲ್ಲಿ. ಅದಕ್ಕೆ ಸಿಡಿ ಇಲ್ಲ. ಪ್ರತಿ ಪೇಜಿನ 2740ನೇ ಬೈಟನ್ನು ಮಾತ್ರ ನೋಡಿದರೆ ಸಾಕಲ್ವಾ?

ಸಾಧನಕೇರಿ | ಸೋಮವಾರ, ರಾತ್ರಿ 10:40

ಸಾಲದು. ನೀವೇ ಹೇಳಿದಿರಲ್ಲ, ಈ ವರ್ಷದ ಫೈಲನ್ನು ದಿನಾ ರಾತ್ರಿ ಹೆಸರಿನ ಪ್ರಕಾರ ಜೋಡಿಸುತ್ತದೆ ಅಂತ. ಹೊಸ ಹೆಸರು ಸೇರಿದ ಹಾಗೆಲ್ಲ ಕೆಳಗಿನ ಸಾಲು ಸರಿಯುತ್ತವೆ. ಹದಿನೈದು ದಿನದ ಹಿಂದೆ 2740ರಲ್ಲಿ ಕೆಟ್ಟ ಅಂಕಿ ಇವತ್ತು ಬೇರೆಲ್ಲೋ ಇರುತ್ತದೆ.

ಬೇರೆ ದಾರಿ ಇದೆ. ಈ ಬಿಟ್ ಸೊನ್ನೆಯನ್ನು ಒಂದು ಮಾಡುತ್ತದೆ, ಒಂದನ್ನು ಸೊನ್ನೆ ಮಾಡೋದಿಲ್ಲ. ಹಾಗಾಗಿ 0, 1, 2, 3, 8, 9 ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಿ. < ಇದ್ದಲ್ಲಿ 8, = ಇದ್ದಲ್ಲಿ 9 ಖಂಡಿತ. ಅನುಮಾನ ಇರೋದು 4, 5, 6, 7ರ ಮೇಲೆ ಮಾತ್ರ. 4 ಮೊದಲು 0 ಆಗಿದ್ದಿರಬಹುದು, 5 ಮೊದಲು 1, 6 ಮೊದಲು 2, 7 ಮೊದಲು 3. ಪಟ್ಟಿಯಲ್ಲಿ ತೂಕ, ದರ, ಮೊತ್ತ ಮೂರೂ ಇರ್ತವೆ ಅಲ್ವಾ? ಪ್ರತಿ ಸಾಲನ್ನೂ ಗುಣಿಸಿ ತಾಳೆ ನೋಡೋ ಚಿಕ್ಕ ಸ್ಕ್ರಿಪ್ಟ್ ಬರೆದು ಕಳಿಸ್ತೀನಿ.

ಒಂದು ಮಾತು ಗಮನಿಸಿ. ಈ ತಪ್ಪು ಯಾವತ್ತೂ ಅಂಕಿಯನ್ನು ಏರಿಸುತ್ತದೆ, ಇಳಿಸೋದಿಲ್ಲ. ಮುಂಗಡದ ಕಾಲಮಿನಲ್ಲಿ ಕೆಟ್ಟಿದ್ದರೆ ಅದು ರೈತನ ಸಾಲವನ್ನು ಏರಿಸಿರುತ್ತದೆ.

ಬ್ಯಾಡಗಿ ಕಡ್ಡಿ | ಬುಧವಾರ, ರಾತ್ರಿ 11:10

ಅಕ್ಕನ ಸ್ಕ್ರಿಪ್ಟ್ ಓಡಿಸಿದೆ. ತಾಳೆ ಆಗದ ಪಟ್ಟಿ ಒಂಬತ್ತು ಸಿಕ್ಕವು. ಒಂದನ್ನು ಹೇಳ್ತೇನೆ. 14 ಚೀಲ, 4.20 ಕ್ವಿಂಟಲ್, ದರ 15,800, ಮೊತ್ತ 49,560. ಗುಣಿಸಿದರೆ 66,360 ಬರಬೇಕು. ದರದ 5ನ್ನು 1 ಮಾಡಿದರೆ 11,800. ಗುಣಿಸಿದರೆ ಸರಿಯಾಗಿ 49,560. ಒಂಬತ್ತೂ ಹೀಗೇ ಬಿಡಿಸಿಕೊಂಡವು.

ಮುಂಗಡಕ್ಕೆ ಗುಣಾಕಾರ ಇಲ್ಲ. ಕೊಟ್ಟ ದುಡ್ಡು, ಅಷ್ಟೇ. ಅಪ್ಪ ಕೈಯಿಂದ ಕೊಟ್ಟದ್ದನ್ನೆಲ್ಲ ಚೋಪಡಿಯಲ್ಲೂ ಬರೆದುಕೊಳ್ತಾರೆ, ಹಾಗಾಗಿ ಹೆಚ್ಚಿನವು ತಾಳೆ ಆದವು. ನಡುವೆ ಒಂದು ವಾರ ಅಪ್ಪ ಊರಲ್ಲಿ ಇರಲಿಲ್ಲ. ಆ ವಾರ ದಿವಾನಜಿ ನೇರ ಮಷಿನಿಗೇ ಹೊಡೆದಿದ್ದಾರೆ. ಹನ್ನೊಂದು ಮುಂಗಡಕ್ಕೆ ಕಾಗದ ಇಲ್ಲ.

ನವನಗರದ ಕಾಕಾ | ಬುಧವಾರ, ರಾತ್ರಿ 11:26

ಇಲ್ಲಿಂದ ಮುಂದೆ ಮಷಿನ್ ಹೇಳೋದಿಲ್ಲ ತಮ್ಮಾ. ನಿಮ್ಮಪ್ಪನವರನ್ನು ಕೇಳು.

ಬ್ಯಾಡಗಿ ಕಡ್ಡಿ | ಭಾನುವಾರ, ಮಧ್ಯಾಹ್ನ 12:20

ಅಪ್ಪ ನಿನ್ನೆ ಸಂಜೆ ಕೂತು ಹನ್ನೊಂದೂ ಜನಕ್ಕೆ ಫೋನ್ ಹಚ್ಚಿದರು. ನಾನು ಪಕ್ಕದಲ್ಲಿ ಫೈಲ್ ತೆರೆದುಕೊಂಡು ಕೂತಿದ್ದೆ. ಫೈಲಿನಲ್ಲಿ ಎಷ್ಟಿದೆ ಅಂತ ಅಪ್ಪ ಮೊದಲು ಹೇಳಲಿಲ್ಲ. "ಮಷಿನ್ ಕೆಟ್ಟಿತ್ತು, ನೀವು ಒಯ್ದದ್ದು ಎಷ್ಟು ಹೇಳಿರಿ" ಅಂತಷ್ಟೇ ಕೇಳಿದರು.

ಒಂಬತ್ತು ಜನ ಹೇಳಿದ್ದು ಫೈಲಿನಲ್ಲಿ ಇದ್ದದ್ದೇ. ಒಬ್ಬರಂತೂ ಆರು ಸಾವಿರ ಅಂತ ಒಪ್ಪಿಕೊಂಡು, ಅದರಲ್ಲಿ ಔಷಧಿ ಎಷ್ಟು, ಕೂಲಿ ಎಷ್ಟು ಅಂತ ಲೆಕ್ಕವನ್ನೂ ಕೊಟ್ಟರು.

ಇಬ್ಬರದು ಬೇರೆ ಬಂತು. ಇಬ್ಬರ ಹೆಸರಿನಲ್ಲೂ ಫೈಲಿನಲ್ಲಿ 5,000 ಇತ್ತು. ಇಬ್ಬರೂ ಒಂದು ಸಾವಿರ ಅಂದರು. ಅದರಲ್ಲಿ ಹಿರೇಕೆರೂರು ಕಡೆಯ ಒಬ್ಬ ಅಜ್ಜ, "ಒಂದೇ ಸಾವಿರ ರೀ ಸಾಹುಕಾರ್ರ, ಮಮ್ಮಗಳ ಫೀಜಿಗೆ ಒಯ್ದಿದ್ದೆ" ಅಂದರು. ಅಪ್ಪ ಫೋನ್ ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ಒಂದು ಬೆರಳು ತೋರಿಸಿದರು.

ಎರಡನ್ನೂ 1,000 ಅಂತ ತಿದ್ದಿದೆ. ಆಮೇಲೆ ಹೊಸ ಸಿಡಿ ಬರೆದು, ಓದಿಸಿ ನೋಡಿ, ಎಂಡಿ5 ಮೊತ್ತವನ್ನು (ಫೈಲು ಬದಲಾದರೆ ಬದಲಾಗೋ ತಾಳೆ ಸಂಖ್ಯೆ) ಚೋಪಡಿಯ ಕೊನೆಯ ಪುಟದಲ್ಲಿ ಕೈಯಿಂದ ಬರೆದಿಟ್ಟೆ. ಅಪ್ಪ ಅದರ ಕೆಳಗೆ ತಾರೀಖು ಹಾಕಿದರು.